ಭಟ್ಟರ ಬಾಯಲ್ಲಿ ಬಂಗುಡೆ

ನೀಲಾವತಿಯಮ್ಮನ ಹಟದ ಎದುರು ಹುಲಿ ಬಂದರೂ ಅದೇ ದಾರಿ ಬಿಟ್ಟು ಪಕ್ಕದ ಗದ್ದೆಗೆ ಇಳಿಯಬೇಕು ಎಂಬುದು ಸಿದ್ಧಕಟ್ಟೆಯಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತು. ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯೊಳಗೆ ನುಗ್ಗಿದ ವರ್ಷ ಆಕೆ ಅಲ್ಲಿ ತಂಗಿಯ ಮನೆಯಲ್ಲಿದ್ದಳು. ದೋಣಿ ಕಿಟಕಿಯ ತನಕ ಬಂದು ನಿಂತರೂ ಉಪ್ಪಿನಕಾಯಿಯ ಭರಣಿ ಮೊದಲು, ತಾನು ಆಮೇಲೆ ಎಂದು ಕೂತಳು. ಭರಣಿ ದೋಣಿ ಹತ್ತಿತು, ಆಕೆ ಹತ್ತಿದಳು, ಅದನ್ನು ನೋಡಿ ನದಿಯೇ ಹೆದರಿ ಇಳಿಯಿತು. ಇದು ಆಕೆಯೇ ಹೇಳುವ ಕಥೆ. ಅಲ್ಲ ಎನ್ನುವ ಧೈರ್ಯ ನದಿಗೂ ಇಲ್ಲ.

ಇಂಥ ಹೆಂಗಸಿನ ಎದುರು ಸೊಸೆ ಜಲಜಾಕ್ಷಿ ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಹಿಡಿದು ನಿಲ್ಲಬೇಕಿತ್ತು. ನೀಲಾವತಿಯಮ್ಮನ ರಕ್ತದಲ್ಲಿದ್ದ ಸಕ್ಕರೆಯ ಸುದ್ದಿ ಕಾರ್ಖಾನೆಯವರಿಗೆ ತಿಳಿದಿದ್ದರೆ ಲಾರಿ ಕಳಿಸುತ್ತಿದ್ದರು. ಚಪ್ಪಲಿ ಕಚ್ಚಿದ ಗಾಯವೊಂದು ಎಡಗಾಲ ಹೆಬ್ಬೆರಳಲ್ಲಿ ಮಳೆಗಾಲ ಮುಗಿದರೂ ಮಾಯಲಿಲ್ಲ. ಮೂಡುಬಿದಿರೆಯ ಡಾಕ್ಟರು ಜಲಜಾಕ್ಷಿಯನ್ನು ಬಾಗಿಲ ಹೊರಗೆ ಕರೆದು, ಸೂಜಿ ತಪ್ಪಿದರೆ ಬೆರಳು ಉಳಿಯುವುದಿಲ್ಲ, ಬೆರಳು ಹೋದ ಮೇಲೆ ಪಾದಕ್ಕೂ ಖಾತ್ರಿ ಕೊಡುವುದಿಲ್ಲ ಎಂದಿದ್ದರು.

ನೀಲಾವತಿಯಮ್ಮನದು ಒಂದೇ ಉತ್ತರ. "ಚುಚ್ಚಿಸಿಕೊಳ್ಳಲಿಕ್ಕೆ ನಾನು ಗೋಣಿಚೀಲವಾ?"

ಊಟದ ಜಗಳ ಬೇರೆ. ಅತ್ತೆಗೆಂದೇ ಜಲಜಾಕ್ಷಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಎಣ್ಣೆ ಕಾಣದ ಮೀನು ಮಾಡಿಡುತ್ತಿದ್ದಳು. ಬೆಲ್ಲದ ಡಬ್ಬಿಯನ್ನು ಒಂದು ವಾರ ಅಕ್ಕಿಯ ಡ್ರಮ್ಮಿನಲ್ಲಿ, ಇನ್ನೊಂದು ವಾರ ಬಚ್ಚಲ ಅಟ್ಟದಲ್ಲಿ ಅಡಗಿಸುತ್ತಿದ್ದಳು. ಅತ್ತೆ ಅದನ್ನು ಇರುವೆಗಿಂತ ಮೊದಲು ಪತ್ತೆಹಚ್ಚುತ್ತಿದ್ದಳು. ಬಡಿಸಿದ್ದಕ್ಕೆಲ್ಲ ಆಕೆ ಹೇಳುವ ಮಾತು ಒಂದೇ, "ಉಪ್ಪಿಲ್ಲ."

ಇದು ಸಕ್ಕರೆ ಕಾಯಿಲೆ ಬಂದ ಮೇಲೆ ಶುರುವಾದದ್ದಲ್ಲ. ಜಲಜಾಕ್ಷಿ ಮದುವೆಯಾಗಿ ಬಂದು ಮೊದಲ ಸಾರು ಇಳಿಸಿದ ದಿನದಿಂದಲೂ ಉಪ್ಪಿರಲಿಲ್ಲ. ಗಂಡ ನಿತ್ಯಾನಂದ ಪೇಟೆಯಲ್ಲಿ ನಡೆಸುವ ಹೋಟೆಲಿಗೆ ಮಧ್ಯಾಹ್ನ ಅವಳ ಕೈಯ ಬಂಗುಡೆ ಪುಳಿಮುಂಚಿ ಒಂದು ಪಾತ್ರೆ ಹೋಗುತ್ತದೆ. ಆ ಹುಳಿ ಖಾರದ ಮೀನಿಗಾಗಿ ಮೂಡುಬಿದಿರೆಯ ಬಸ್ಸುಗಳು ಸಮಯಕ್ಕೆ ಮೊದಲೇ ಬಂದು ನಿಲ್ಲುತ್ತವೆ, ಚಾಲಕರು ಬೆರಳು ನೆಕ್ಕಿ ನೆಕ್ಕಿ ಸ್ಟೇರಿಂಗು ಜಾರುತ್ತದೆ. ಊರೆಲ್ಲ ಹೊಗಳಿದ ಕೈಗೆ ಮನೆಯಲ್ಲಿ ಒಂದು ಒಳ್ಳೆಯ ಮಾತು ಸಿಕ್ಕಿರಲಿಲ್ಲ. ಬೇರೆ ಹೆಂಗಸರು ಬಂಗಾರ ಕೇಳುವ ಕಡೆ ಜಲಜಾಕ್ಷಿಗೆ ಅದೊಂದೇ ಆಸೆ ಇತ್ತು.

ನೀಲಾವತಿಯಮ್ಮ ಲೋಕದಲ್ಲಿ ಒಬ್ಬರ ಮಾತಿಗೆ ಮಾತ್ರ ತಲೆ ಬಾಗಿದವಳು. ಅವರು ನಾರಾವಿಯ ಶಿವಕೃಷ್ಣ ಭಟ್ಟರು. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾತಿನಿಂದ ಕಥೆ ನಡೆಸುವ ತಾಳಮದ್ದಳೆಯಲ್ಲಿ ಅವರು ಬಾಯಿ ತೆರೆದರೆ ಸಭೆಯ ಬೆಂಚುಗಳೂ ನೆಟ್ಟಗಾಗುತ್ತಿದ್ದವು ಎಂದು ಹಳಬರು ಹೇಳುತ್ತಾರೆ. ಪ್ರಾಯದಲ್ಲಿ ಆಕೆ ಗದ್ದೆಯ ಕೆಲಸ ಮುಗಿಸಿ, ಮೂಡುಬಿದಿರೆಯ ತನಕ ನಡೆದು ಹೋಗಿ, ಎದುರು ಸಾಲಿನಲ್ಲಿ ಕೂರುತ್ತಿದ್ದಳು. ಭಟ್ಟರು ಈಗ ಎರಡು ವರ್ಷದಿಂದ ಸಭೆಗೆ ಬರುವುದು ಬಿಟ್ಟಿದ್ದರು. ವಯಸ್ಸಾಯಿತು ಎಂದು ಜನ ಸುಮ್ಮನಾಗಿದ್ದರು.

ಆ ಸ್ವರ ಒಂದು ಸಂಜೆ ಜಲಜಾಕ್ಷಿಯ ಅಡುಗೆಮನೆಗೆ ಕೇಳಿಸಿತು. ಭಟ್ಟರು ಗಂಭೀರವಾಗಿ, ಈ ಸಲದ ಕ್ರಿಕೆಟ್ ತಂಡದಲ್ಲಿ ಬೌಲರುಗಳಿಗೆ ಬೆನ್ನೆಲುಬಿಲ್ಲ ಎನ್ನುತ್ತಿದ್ದರು. ಜಲಜಾಕ್ಷಿ ಸೌಟು ಬಿಟ್ಟು, ಸೆರಗು ಸರಿಮಾಡಿಕೊಂಡು, ಚಾವಡಿಗೆ ಓಡಿ ಬಂದಳು. ಅಲ್ಲಿ ಭಟ್ಟರಿರಲಿಲ್ಲ. ಮಗ ರೋಹಿತ್ ಕಿವಿಗೆ ಹೆಡ್‌ಫೋನ್ ಹಾಕಿ ಲ್ಯಾಪ್‌ಟಾಪಿನ ಎದುರು ಕೂತಿದ್ದ. ಮಗಳು ಪ್ರಾಪ್ತಿ ನಕ್ಕು ನಕ್ಕು ನೆಲಕ್ಕೆ ಒರಗಿದ್ದಳು.

ಬಿ.ಸಿ. ರೋಡಿನ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ರೋಹಿತ್ ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಿದ. ಯೂಟ್ಯೂಬಿನಲ್ಲಿರುವ ಭಟ್ಟರ ಹಳೆಯ ತಾಳಮದ್ದಳೆಗಳನ್ನು ಈ ಎಐ ತಂತ್ರಾಂಶಕ್ಕೆ ಕೇಳಿಸಿದ್ದಾನೆ. ಈಗ ಈ ಕಡೆ ಯಾರು ಮಾತಾಡಿದರೂ ಆ ಕಡೆ ಹೊರಡುವುದು ಭಟ್ಟರ ಸ್ವರ. ಸಿನೆಮಾದವರ ಸ್ವರಗಳೂ ಉಂಟು, ಆದರೆ ಗೆಳೆಯರ ಗುಂಪಿನಲ್ಲಿ ಭಟ್ಟರಿಗೇ ಬೇಡಿಕೆ ಹೆಚ್ಚು.

ಜಲಜಾಕ್ಷಿ ಒಳಗೆ ಹೋಗಿ ಒಲೆ ಆರಿಸಿ ಮತ್ತೆ ಬಂದಳು. "ಫೋನಿಗೂ ಆಗ್ತದಾ ಇದು?"

"ಆಗ್ತದೆ. ಯಾಕಮ್ಮ?"

"ನಿನ್ನ ಅಜ್ಜಿಯ ಬೆರಳು ಉಳಿಸುವ."

ಮರುದಿನ ಬೆಳಿಗ್ಗೆ ನೀಲಾವತಿಯಮ್ಮನ ಫೋನು ರಿಂಗಾಯಿತು. ನಾರಾವಿಯಿಂದ ಶಿವಕೃಷ್ಣ ಭಟ್ಟ ಮಾತಾಡುವುದು, ಕಾಲು ನೋವೆಂದು ಕೇಳಿದೆ, ಸೂಜಿಗೆ ಹೆದರುತ್ತೀರಂತೆ ಹೌದೇ ಎಂದಿತು ಸ್ವರ. ಅಟ್ಟದ ಕೋಣೆಯಲ್ಲಿ ರೋಹಿತ್ ಬೆವರುತ್ತಿದ್ದ. ಚಾವಡಿಯಲ್ಲಿ ನೀಲಾವತಿಯಮ್ಮ ಕುರ್ಚಿ ಬಿಟ್ಟು ಎದ್ದು ನಿಂತಿದ್ದಳು. ಗಾಯದ ಕಾಲಿನ ಮೇಲೇ ನಿಂತಿದ್ದಳು. ಹೆದರುವುದಾ, ಯಾರು ಹೇಳಿದ್ದು, ಇವತ್ತೇ ಚುಚ್ಚಿಸಿಕೊಳ್ಳುತ್ತೇನೆ ಎಂದು ಫೋನಿಗೆ ಕೈ ಮುಗಿದಳು. ಫೋನು ಕೆಳಗೆ ಬಿತ್ತು. ಅದನ್ನೂ ಹೆಕ್ಕಿ ಕಣ್ಣಿಗೊತ್ತಿಕೊಂಡಳು.

ಆಮೇಲೆ ತೋಳು ಚಾಚಿ, ಗೋಡೆ ನೋಡುತ್ತ, "ಚುಚ್ಚು" ಎಂದಳು. ಜಲಜಾಕ್ಷಿಯ ಸೂಜಿ ಒಂದು ಸಲ ತಪ್ಪಿತು.

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ನಡೆದಷ್ಟು ಪವಾಡ ಯಾವ ಕ್ಷೇತ್ರದಲ್ಲೂ ನಡೆದಿರಲಿಕ್ಕಿಲ್ಲ. ನೀಲಾವತಿಯಮ್ಮ ದಿನಾ ಚುಚ್ಚಿಸಿಕೊಂಡಳು. ಬೆಲ್ಲದ ಡಬ್ಬಿಯನ್ನು ತಾನೇ ತಂದು ಸೊಸೆಯ ಕೈಗೆ ಕೊಟ್ಟಳು. ಗಾಯದ ಅಂಚು ಒಣಗತೊಡಗಿತು. ಇದು ಮೋಸ, ದೊಡ್ಡವರ ಹೆಸರಿನಲ್ಲಿ ಆಟ ಬೇಡ ಎಂದು ಮೊದಲ ದಿನ ಹಾರಾಡಿದ ನಿತ್ಯಾನಂದ ಮೂರನೆಯ ದಿನ ಮಗನ ಪಕ್ಕ ಮೆಲ್ಲ ಬಂದು ಕೂತ. ಹೋಟೆಲಿಗೆ ಫ್ಯಾಮಿಲಿ ರೂಮು ಕಟ್ಟುವುದಕ್ಕೆ ಅಮ್ಮ ಒಪ್ಪುತ್ತಿಲ್ಲ, ಭಟ್ಟರು ಒಂದು ಮಾತು ಹೇಳಿದರೆ ಹೇಗೆ ಎಂದು ಕೇಳಿದ. ಭಟ್ಟರು ಹೇಳಿದರು. ಪ್ರಾಪ್ತಿಗೆ ಗೆಳತಿಯರ ಜೊತೆ ಬೆಳ್ತಂಗಡಿಯ ಕಡೆ ಚಾರಣಕ್ಕೆ ಹೋಗಲಿಕ್ಕಿತ್ತು. ಹೆಣ್ಣುಮಕ್ಕಳು ಬೆಟ್ಟ ಹತ್ತಿದರೆ ಆರೋಗ್ಯಕ್ಕೆ ಒಳ್ಳೆಯದೆಂದು ಭಟ್ಟರು ಅದನ್ನೂ ಹೇಳಿದರು. ಇಷ್ಟು ವರ್ಷ ಯಾವ ಭಟ್ಟರೂ ಒಂದೇ ಮನೆಯ ಉಸಾಬರಿಯನ್ನು ಇಷ್ಟೊಂದು ಹೊತ್ತಿರಲಿಲ್ಲ.

ರೋಹಿತ್ ಅಂಗಡಿಗೆ ಬೇಗ ಹೊರಡುವ ದಿನ ಕರೆ ತಪ್ಪುತ್ತಿತ್ತು. ಅದಕ್ಕಾಗಿ ಜಲಜಾಕ್ಷಿ ಹೆಡ್‌ಫೋನು ತಾನೇ ಹಾಕಿಕೊಂಡಳು. ಈ ಬಾಯಿಂದ ಹೋದ ಹೆಣ್ಣು ಮಾತು ಕೆಳಗಿನ ಚಾವಡಿಯಲ್ಲಿ ಗಂಡಸಾಗಿ, ಪಂಡಿತನಾಗಿ, ಗುಡುಗಾಗಿ ಇಳಿಯಿತು. ಮನೆಯಲ್ಲಿ ನಡೆಯುವುದೆಲ್ಲ ತುಳುವಾದರೂ ಭಟ್ಟರದು ಬರೆದಿಟ್ಟ ಹಾಗಿನ ಕನ್ನಡ. ಹತ್ತನೆಯ ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಜಲಜಾಕ್ಷಿ ಧೂಳು ಕೊಡವಿ ತೆಗೆದಳು. ಕಾಲಿಗೆ ನೀರು ತಾಗಿಸಬೇಡಿ ಎಂದಳು, ಅತ್ತೆ ಆಗಲಿ ಭಟ್ರೇ ಎಂದಳು. ಬೆಳಿಗ್ಗೆ ಅಂಗಳದಲ್ಲಿ ನಾಲ್ಕು ಸುತ್ತು ಬನ್ನಿ ಎಂದಳು, ಅತ್ತೆ ಎಂಟು ಸುತ್ತು ಬಂದಳು. ಮದುವೆಯಾದಾಗಿನಿಂದ ಬಾಯಿಗೆ ಬಂದು ನುಂಗಿದ ಮಾತುಗಳೆಲ್ಲ ಅವಳ ಗಂಟಲಲ್ಲಿ ಸಾಲುಗಟ್ಟಿ ನಿಂತಿದ್ದವು. ಅವುಗಳಲ್ಲಿ ಒಂದು ತಳ್ಳಾಡಿ ಮುಂದೆ ಬಂತು.

"ನಿಮ್ಮ ಸೊಸೆ ಒಳ್ಳೆಯ ಅಡುಗೆ ಮಾಡುತ್ತಾರೆಂದು ಕೇಳಿದ್ದೇನೆ" ಎಂದಿತು ಭಟ್ಟರ ಸ್ವರ.

"ಮಾಡ್ತಾಳೆ ಏನೋ" ಎಂದಳು ನೀಲಾವತಿಯಮ್ಮ.

ಏನೋ ಎಂಬ ಆ ಒಂದು ಪದ ಜಲಜಾಕ್ಷಿಯ ನೆತ್ತಿಗೇರಿತು. "ಏನೋ ಅಲ್ಲ. ಬಂಗುಡೆ ಪುಳಿಮುಂಚಿ ಮಾಡಿದರೆ ನಿಮ್ಮ ಸೊಸೆಯ ಹಾಗೆ ಮಾಡಬೇಕು. ಅದರ ಹುಳಿ, ಅದರ ಖಾರ. ನೆನೆದರೆ ಬಾಯಲ್ಲಿ ನೀರು ಬರುತ್ತದೆ."

ಆ ಕಡೆಯಿಂದ ಅತ್ತೆಯ ಸಣ್ಣ ಸ್ವರ ಕೇಳಿತು. "ಭಟ್ರೇ, ನೀವು ಅದನ್ನು ತಿಂತೀರಾ?"

"ಸೋಮವಾರ ಬಿಟ್ಟು ಎಲ್ಲ ದಿನ" ಎಂದಳು ಜಲಜಾಕ್ಷಿ, ತನ್ನ ಮನೆಯ ಪದ್ಧತಿ ಬಾಯಿಗೆ ಬಂದ ಹಾಗೆ.

ಕರೆ ಮುಗಿಸಿ, ಹೆಡ್‌ಫೋನು ತೆಗೆದು, ಮೆಟ್ಟಿಲು ಇಳಿದು, ಅರ್ಧ ತೆಂಗಿನಕಾಯಿ ತುರಿದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು. ಈರುಳ್ಳಿ ಕಂಡರೂ ದೂರ ಸರಿಯುವ ಮನೆತನದ ಭಟ್ಟರಿಗೆ ಅವಳು ವಾರದಲ್ಲಿ ಆರು ದಿನ ಬಂಗುಡೆ ತಿನ್ನಿಸಿದ್ದಳು.

ಅತ್ತೆಗೆ ಸ್ವರದ ಮೇಲೆ ಅನುಮಾನ ಬಂದಿದ್ದರೂ ಆಗುತ್ತಿತ್ತು. ಬರಲಿಲ್ಲ. ಆಕೆಗೆ ಬಂದದ್ದು ದುಃಖ. ಅದನ್ನು ಒಬ್ಬಳೇ ಹೊರಲಾಗದೆ ಬೀಡಿ ಕಟ್ಟುವ ಮೊರ ಒಯ್ಯಲು ಬಂದ ಪಕ್ಕದ ಮನೆಯ ಸೇಸಮ್ಮನ ಕಿವಿಯಲ್ಲಿ ಹೇಳಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದಳು. ಸೇಸಮ್ಮ ಆಣೆಗೆ ತಪ್ಪದೆ, ಯಾರಿಗೂ ಹೇಳಬೇಡಿ ಎಂದು ಸೇರಿಸಿಯೇ ಎಲ್ಲರಿಗೂ ಹೇಳಿದಳು. ಸುದ್ದಿ ಸಿದ್ಧಕಟ್ಟೆ ದಾಟುವಾಗ ಭಟ್ಟರು ಮೀನು ತಿನ್ನುತ್ತಿದ್ದರು, ಮೂಡುಬಿದಿರೆ ಮುಟ್ಟುವಾಗ ಸಿಗಡಿಗೆ ಬಂದಿದ್ದರು, ಬೆಳ್ತಂಗಡಿ ತಲುಪುವ ಹೊತ್ತಿಗೆ ಮಲ್ಪೆಯಲ್ಲಿ ಸ್ವಂತ ದೋಣಿ ಇಟ್ಟಿದ್ದರು.

ಇದಕ್ಕಿಂತ ಕೆಟ್ಟದ್ದು ಮನೆಯೊಳಗೆ ನಡೆಯಿತು. ಮರುದಿನ ಸೂಜಿ ತಂದಾಗ ನೀಲಾವತಿಯಮ್ಮ ತೋಳು ಚಾಚಲಿಲ್ಲ.

"ಅಷ್ಟು ದೊಡ್ಡ ಮನುಷ್ಯನಿಗೇ ಬಾಯಿ ಕಟ್ಟಲಿಕ್ಕೆ ಆಗಲಿಲ್ಲ. ನನ್ನದೇನು ಹೆಚ್ಚುಗಾರಿಕೆ? ಬೆಲ್ಲದ ಡಬ್ಬಿ ತಾ."

ಭಟ್ಟರಾಗಿ ರೋಹಿತ್ ಫೋನು ಮಾಡಿದ. ಆಕೆ ಎತ್ತಲಿಲ್ಲ. ಪೇಟೆಯಿಂದ ಹಲ್ವ ತರಿಸಿ ತಿಂದಳು. ಒಣಗುತ್ತಿದ್ದ ಗಾಯ ಮತ್ತೆ ಒಸರತೊಡಗಿತು.

ಮುಂದಿನ ವಾರ ನಿತ್ಯಾನಂದ ಬೆಳ್ತಂಗಡಿಗೆ ಮದುವೆಯೊಂದಕ್ಕೆ ಹೋದವನು ಅರ್ಧ ಊಟದಲ್ಲಿ ಎದ್ದು ಬಂದ. ಪಂಕ್ತಿಯಲ್ಲಿ ಎಲ್ಲರೂ ಭಟ್ಟರ ವಿಷಯ ಹೇಳಿ ನಗುತ್ತಿದ್ದರಂತೆ. ಅವನು ಮನೆಗೆ ಮುಟ್ಟುವಷ್ಟರಲ್ಲಿ ಹೋಟೆಲಿನ ನಂಬರಿಗೆ ಭಟ್ಟರ ಸೊಸೆ ಶುಭಶ್ರೀಯ ಫೋನೂ ಬಂತು. ನಾರಾವಿಯ ಹತ್ತಿರದ ಹೈಸ್ಕೂಲಿನಲ್ಲಿ ಟೀಚರು. ಸುದ್ದಿಯ ಬಾಲ ಹಿಡಿದು ಫೋನಿನಲ್ಲೇ ಸಿದ್ಧಕಟ್ಟೆಯ ತನಕ ಬಂದಿದ್ದಳು. ಏರು ಸ್ವರದಲ್ಲಿ ಮಾತಾಡಲಿಲ್ಲ. ಮಾವನಿಗೆ ಗಂಟಲಿನ ಆಪರೇಶನ್ ಆಗಿ ಎರಡು ವರ್ಷವಾಯಿತು, ಸ್ವರ ಪೂರ್ತಿ ಹೋಗಿದೆ, ಅವರಿಗೆ ನಾಚಿಕೆಯೆಂದು ಯಾರಿಗೂ ಹೇಳಿಲ್ಲ, ಹಾಗಾದರೆ ನಿಮ್ಮ ಮನೆಗೆ ಫೋನು ಮಾಡುವುದು ಯಾರು ಎಂದಷ್ಟೇ ಕೇಳಿದಳು.

ನಿತ್ಯಾನಂದ ಅಂಗಳದಿಂದಲೇ ಶುರುಮಾಡಿದ. "ನಾನು ಮೊದಲ ದಿನವೇ ಹೇಳಿದ್ದೆ."

"ಫ್ಯಾಮಿಲಿ ರೂಮಿನ ದಿನ ಹೇಳಲಿಲ್ಲ ಅಪ್ಪ" ಎಂದಳು ಪ್ರಾಪ್ತಿ.

"ನೀನು ಬಾಯಿ ಮುಚ್ಚು. ರೋಹಿತ, ಇದೆಲ್ಲ ನಿನ್ನ ಆ ಲ್ಯಾಪ್‌ಟಾಪ್ ಪೆಟ್ಟಿಗೆಯಿಂದ ಆದದ್ದು."

"ಪೆಟ್ಟಿಗೆ ಸ್ವರ ಮಾತ್ರ ಕೊಡ್ತದೆ. ಬಂಗುಡೆ ಅದರಲ್ಲಿ ಇರಲಿಲ್ಲ."

ಎಲ್ಲರೂ ಜಲಜಾಕ್ಷಿಯನ್ನು ನೋಡಿದರು. ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು.

"ಬಂಗುಡೆ ನನ್ನದು. ನಾನೇ ಹೋಗ್ತೇನೆ."

"ಹೋಗಿ ಏನು ಹೇಳ್ತೀ ಮಾರಾಯ್ತಿ? ಪೊಲೀಸರಿಗೆ ಕೊಟ್ಟರೆ?"

"ಕೊಟ್ಟರೆ ಅಲ್ಲಿ ಗಂಜಿ ಯಾರು ಬೇಯಿಸ್ತಾರೆ ಅಂತ ನೋಡಿ ಬರ್ತೇನೆ."

ಹಾಗೆಂದಳೇ ಹೊರತು, ಮಗನ ಜೊತೆ ವೇಣೂರು ದಾಟಿ ನಾರಾವಿಗೆ ಹೋಗುವ ಬಸ್ಸಿನಲ್ಲಿ ಅವಳ ಅಂಗೈ ಬೆವರಿ ಟಿಕೇಟು ಗಂಜಿಯಾಗಿತ್ತು.

ಶುಭಶ್ರೀ ಬಾಗಿಲು ತೆರೆದು, "ಕೂತ್ಕೊಳ್ಳಿ. ಕಾಫಿ ಕೊಡ್ತೇನೆ. ಆದರೆ ನನಗೆ ಸಿಟ್ಟು ಬಂದಿದೆ, ಅದು ಗೊತ್ತಿರಲಿ" ಎಂದಳು. ಆರಾಮ ಕುರ್ಚಿಯಲ್ಲಿ ಕುತ್ತಿಗೆಗೆ ಶಾಲು ಸುತ್ತಿಕೊಂಡು ಭಟ್ಟರು ಕೂತಿದ್ದರು. ಬೆಂಚುಗಳನ್ನು ನೆಟ್ಟಗೆ ಮಾಡುತ್ತಿದ್ದ ಮನುಷ್ಯ ಒಂದು ಹಿಡಿಯಷ್ಟಾಗಿದ್ದರು.

ಜಲಜಾಕ್ಷಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಬೆರಳು, ಸೂಜಿ, ಪೆಟ್ಟಿಗೆ, ಫ್ಯಾಮಿಲಿ ರೂಮು, ಚಾರಣ, ಕೊನೆಗೆ ಬಂಗುಡೆ. ಉಪ್ಪಿನ ವಿಷಯವನ್ನೂ ಹೇಳಿದಳು. ಅದನ್ನು ಹೇಳಬೇಕೆಂದು ಬಂದಿರಲಿಲ್ಲ, ಅದು ತಾನಾಗಿ ಹೊರಗೆ ಬಂತು. ಭಟ್ಟರು ಕೈ ಎತ್ತಿ ರೋಹಿತ್ ಜೊತೆಗೆ ತಂದಿದ್ದ ಪೆಟ್ಟಿಗೆಯನ್ನು ತೋರಿಸಿದರು. ಕೇಳಬೇಕಂತೆ. ಬೇಡ ಮಾವ ಎಂದಳು ಶುಭಶ್ರೀ. ಅವರು ಮತ್ತೆ ತೋರಿಸಿದರು.

ರೋಹಿತ್ ಮೈಕಿಗೆ ಬಾಯಿ ಕೊಟ್ಟು, ನಮಸ್ಕಾರ, ನಾನು ಶಿವಕೃಷ್ಣ ಭಟ್ಟ ಎಂದ. ಎರಡು ವರ್ಷದಿಂದ ಸುಮ್ಮನಿದ್ದ ಆ ಮನೆಯಲ್ಲಿ ತುಂಬು ಸ್ವರ ಗೋಡೆಯಿಂದ ಗೋಡೆಗೆ ನಡೆಯಿತು. ಶುಭಶ್ರೀ ಮುಖ ತಿರುಗಿಸಿದಳು. ಭಟ್ಟರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಗಾಳಿಯಷ್ಟೇ ಇರುವ ಪಿಸುಮಾತಿನಲ್ಲಿ ಹೇಳಿದರು.

"ಇಷ್ಟು ಅವಸರದಲ್ಲಿ ನಾನು ಮಾತಾಡಿದವನೇ ಅಲ್ಲ."

ಜಲಜಾಕ್ಷಿ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ತಡೆದರು.

"ಮೀನಿಗೆ ಬೇಸರ ಇಲ್ಲಮ್ಮ. ನೀವೆಲ್ಲ ತಿಂದು ಚೆನ್ನಾಗಿಯೇ ಇದ್ದೀರಿ. ಆಡದ ಮಾತು ನನ್ನದಾಯಿತಲ್ಲ, ಅದಕ್ಕೆ ಬೇಸರ. ನನ್ನ ಹತ್ತಿರ ಇದ್ದದ್ದು ಮಾತು ಒಂದೇ."

ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಕೇಳಿದರು, "ಸಿದ್ಧಕಟ್ಟೆಯ ನೀಲಾವತಿ ಅಂದರೆ, ಎದುರು ಸಾಲಿನಲ್ಲಿ ಕೂತು ನನಗಿಂತ ಮೊದಲು ಉತ್ತರ ಕೊಡುತ್ತಿದ್ದ ಹೆಂಗಸಾ?"

"ಅವರೇ" ಎಂದಳು ಜಲಜಾಕ್ಷಿ.

ಭಟ್ಟರ ಭುಜ ಕುಲುಕಿತು. ಅದು ನಗೆ ಎಂದು ತಿಳಿಯಲು ಜಲಜಾಕ್ಷಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಭಾನುವಾರ ಬರ್ತೇನೆ. ಊಟಕ್ಕೆ" ಎಂದರು. ಆಪರೇಶನ್ ಆದ ಮೇಲೆ ಗೇಟು ದಾಟಿರದ ಮಾವನನ್ನು ಶುಭಶ್ರೀ ಬಾಯಿ ತೆರೆದು ನೋಡಿದಳು. ರೋಹಿತ್ ಅವಳ ಎದುರೇ ಭಟ್ಟರ ಸ್ವರವನ್ನು ಪೆಟ್ಟಿಗೆಯಿಂದ ಅಳಿಸಿದ. ಸಿನೆಮಾದವರನ್ನೂ ಅಳಿಸು ಎಂದಳು ಟೀಚರು. ಅಳಿಸಿದ. ಊರಿಗೆ ಬಂದವಳೇ ಜಲಜಾಕ್ಷಿ ಸೇಸಮ್ಮನನ್ನು ಹಿತ್ತಿಲಿಗೆ ಕರೆದು ನಿಜವನ್ನೆಲ್ಲ ಹೇಳಿ, ಯಾರಿಗೂ ಹೇಳಬೇಡ ಎಂದಳು. ಅದಕ್ಕಿಂತ ವೇಗದ ಟಪಾಲು ಆ ತಾಲೂಕಿನಲ್ಲಿಲ್ಲ. ಅತ್ತೆಗೆ ಮಾತ್ರ ಹೇಳುವ ಧೈರ್ಯವಾಗಲಿಲ್ಲ. ಅತ್ತೆಯ ಕಿವಿಗೆ ಹಾಕುವ ಧೈರ್ಯ ಸೇಸಮ್ಮನಿಗೂ ಆಗಲಿಲ್ಲ.

ಭಾನುವಾರಕ್ಕೆ ಜಲಜಾಕ್ಷಿ ಹೊಸ ಪಾತ್ರೆ ತೆಗೆದಳು. ಒಲೆಯನ್ನು ಎಷ್ಟು ತಿಕ್ಕಿದಳೆಂದರೆ ಅದರಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ಸೌತೆಕಾಯಿ ಹುಳಿ, ಬೇಳೆ ಸಾರು, ಅಲಸಂಡೆ ಪಲ್ಯ ಮಾಡಿದಳು. ಎಂದೂ ಅಂಗೈಗೆ ಒಂದು ಹನಿ ಬಿಟ್ಟು ರುಚಿ ನೋಡದೆ ಪಾತ್ರೆ ಇಳಿಸಿದವಳಲ್ಲ. ಇವತ್ತು ಭಟ್ಟರಿಗೆ ಬಡಿಸುವುದು ಎಂಜಲಾಗಬಾರದೆಂದು ನಾಲಿಗೆಗೆ ಏನನ್ನೂ ತಾಗಿಸಲಿಲ್ಲ.

ಭಟ್ಟರು ಶುಭಶ್ರೀಯ ಜೊತೆ ಕಾರಿನಲ್ಲಿ ಬಂದರು. ಚಾವಡಿಯಲ್ಲಿ ನೀಲಾವತಿಯಮ್ಮ ಕಾಲು ಚಾಚಿ ಕೂತಿದ್ದಳು. ಎದ್ದು ನಿಲ್ಲಲಿಲ್ಲ. ಮುಖ ನೋಡಲೂ ಮನಸ್ಸಿಲ್ಲದೆ, ಬನ್ನಿ, ನಿಮಗೆ ಬೇಕಾದ್ದು ಸೊಸೆ ಮಾಡಿರಬಹುದು ಎಂದಳು. ಭಟ್ಟರು ಎದುರು ಕೂತು ನಕ್ಕರು.

"ಫೋನಿನಲ್ಲಿ ಅಷ್ಟು ಮಾತಾಡ್ತಿದ್ರಿ. ಈಗ ಯಾಕೆ ಬಾಯಿ ಬರುವುದಿಲ್ಲ?"

ಜಲಜಾಕ್ಷಿ ಬಾಗಿಲ ದಾರಂದ ಹಿಡಿದುಕೊಂಡಳು. "ಅವರಿಗೆ ಸ್ವರ ಇಲ್ಲ ಮಾಮಿ. ಎರಡು ವರ್ಷ ಆಯಿತು. ಫೋನಿನಲ್ಲಿ ಮಾತಾಡಿದ್ದು ರೋಹಿತ. ಬಂಗುಡೆಯ ದಿನ ನಾನು."

ಭಟ್ಟರು ಶಾಲು ಸರಿಸಿ ಗಂಟಲಿನ ಕಲೆ ತೋರಿಸಿದರು. ನೀಲಾವತಿಯಮ್ಮ ಅದನ್ನು ನೋಡಿದಳು, ಸೊಸೆಯನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು. ಅಟ್ಟದ ಮೆಟ್ಟಿಲಲ್ಲಿ ಅಡಗಿ ಕೂತಿದ್ದ ರೋಹಿತ್ ಇನ್ನೊಂದು ಮೆಟ್ಟಿಲು ಮೇಲೆ ಸರಿದ.

"ಹಾಗಾದರೆ ನೀವು ಮೀನು ತಿಂದಿಲ್ಲ?"

ಭಟ್ಟರು ಇಲ್ಲವೆಂದು ತಲೆಯಾಡಿಸಿದರು. ಇಷ್ಟು ದಿನ ಮುದುಡಿದ್ದ ಆಕೆಯ ಮುಖ ಮೆಲ್ಲ ಬಿಚ್ಚಿಕೊಂಡಿತು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ನಿನ್ನ ಪುಳಿಮುಂಚಿ ಹೊಗಳಲಿಕ್ಕೆ ಭಟ್ಟರ ಬಾಯಿ ಬೇಕಾಯಿತಾ? ನನ್ನ ಹತ್ತಿರ ಕೇಳಬಾರದಿತ್ತಾ?"

"ಕೇಳಿದರೆ ಹೇಳ್ತಿದ್ರಾ?"

ನೀಲಾವತಿಯಮ್ಮ ಯೋಚಿಸಿದಳು. "ಇಲ್ಲ" ಎಂದಳು.

ಊಟಕ್ಕೆ ಮೊದಲು ಶುಭಶ್ರೀ ಚೀಲದಿಂದ ಇನ್ಸುಲಿನ್ನಿನ ಸಣ್ಣ ಡಬ್ಬಿ ತೆಗೆದಳು. ಭಟ್ಟರಿಗೂ ಶುಗರು. ಅವರು ಅಂಗಿಯ ಅಂಚು ಎತ್ತಿ, ನೀಲಾವತಿಯಮ್ಮನನ್ನೇ ನೋಡುತ್ತ, ಸೂಜಿ ಚುಚ್ಚಿಸಿಕೊಂಡರು. ಮುಖದ ಒಂದು ಗೆರೆ ಅಲ್ಲಾಡಲಿಲ್ಲ. ಸಭೆಯಲ್ಲಿ ಕೊನೆಯ ಮಾತು ಯಾರಿಗೂ ಬಿಟ್ಟುಕೊಡದ ಹೆಂಗಸಿಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಸೊಸೆಯ ಕಡೆ ತೋಳು ಚಾಚಿದಳು. ಗೋಡೆಯನ್ನು ನೋಡಲಿಲ್ಲ. "ನಾಳೆಯೂ ತಾ. ಮರೆತರೆ ನೋಡು" ಎಂದಳು.

ಭಟ್ಟರಿಗೂ ಆಕೆಗೂ ಮೊದಲು ಎಲೆ ಹಾಕಿದರು. ಉಳಿದವರು ಆಮೇಲೆ. ಮಾವನ ಅನ್ನ ಮೆದು ಮಾಡಿ ಕೊಡುತ್ತ ಶುಭಶ್ರೀ ಪಕ್ಕದಲ್ಲಿ ಕೂತಳು. ಸಾರಿನ ಮೊದಲ ತುತ್ತಿಗೆ ಭಟ್ಟರ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅವರು ಎಲೆ ತೋರಿಸಿ ಎರಡನೆಯ ಸಲ ಹಾಕಿಸಿಕೊಂಡರು. ನೀಲಾವತಿಯಮ್ಮನ ಕೈಯೂ ನಿಂತಿತು. ಆಕೆ ತಲೆ ಎತ್ತಿ, ಸೌಟು ಹಿಡಿದು ನಿಂತ ಸೊಸೆಯನ್ನು ಮದುವೆಯ ದಿನ ನೋಡಿದ ಹಾಗೆ ಅಡಿಯಿಂದ ಮುಡಿಯ ತನಕ ನೋಡಿದಳು. ಜಲಜಾಕ್ಷಿ ಆ ಹಳೆಯ ಮಾತಿಗೆ ಕಿವಿ ಗಟ್ಟಿ ಮಾಡಿಕೊಂಡಳು.

"ಉಪ್ಪು ಸರಿ ಉಂಟು" ಎಂದಳು ನೀಲಾವತಿಯಮ್ಮ. "ಇನ್ನೊಂದು ಸೌಟು ಹಾಕು."

ಜಲಜಾಕ್ಷಿ ಹಾಕಿದಳು. ಅಡುಗೆಮನೆಗೆ ಹೋಗಿ ಕಿಟಕಿಯ ಹತ್ತಿರ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತಿಥಿಗಳನ್ನು ಕಾರು ಹತ್ತಿಸಿ, ಮಕ್ಕಳಿಗೂ ಗಂಡನಿಗೂ ಎಲೆ ಹಾಕುವ ಮೊದಲು, ಇಷ್ಟು ವರ್ಷದ ಮೇಲೆ ಸರಿಯಾದ ಆ ಸಾರು ಹೇಗಿದೆಯೆಂದು ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿದಳು.

ಅದಕ್ಕೆ ಉಪ್ಪೇ ಹಾಕಿರಲಿಲ್ಲ.